ಹೊಸ ಟ್ರೀಟ್‌ಮೆಂಟ್ ಕೇಳೋ ಮುಂಚೆ ಆ ಮೇಣದ ಬ್ಲಾಕ್ ತಗೊಂಡ್ಬನ್ನಿ

ಕ್ಯಾನ್ಸರ್‌ಗೆ ಹೊಸ ಔಷಧಿ ಬಂತು ಅಂತ ಪೇಪರ್‌ನಲ್ಲೋ ಟೀವಿಲೋ ಬಂದ್ರೆ ಸಾಕು, ಮಾರನೇ ದಿನ ಗಡ್ಡೆಯ ತುಂಡು ಪರೀಕ್ಷೆ ಮಾಡೋ ನಮ್ಮ ಪೆಥಾಲಜಿ ಕೌಂಟರ್ ಮುಂದೆನೂ ಅದೇ ಮಾತು. 2023ರ ಅಕ್ಟೋಬರ್‌ನಲ್ಲಿ ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಮಾಡಿದ, ರೋಗಿಯದ್ದೇ ರೋಗನಿರೋಧಕ ಕಣಗಳನ್ನ ಬದಲಾಯಿಸಿ ಕೊಡೋ ಕಾರ್-ಟಿ ಚಿಕಿತ್ಸೆಗೆ ಪರ್ಮಿಷನ್ ಸಿಕ್ತಲ್ಲ, ಆವಾಗ ಹೊಟ್ಟೆ ಕ್ಯಾನ್ಸರ್ ಇರೋರ ಮಕ್ಕಳೂ ಬಂದು ಅದನ್ನೇ ಕೇಳಿದ್ರು. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ಮಾತ್ರ. ಕೇಳೋದು ತಪ್ಪಲ್ಲ, ಮನೆಯವರಿಗೆ ಹುಷಾರಿಲ್ಲ ಅಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ. ನನಗೆ ಸಂಕಟ ಆಗೋದು ಆಮೇಲಿನ ಮಾತಿಗೆ. ಇಷ್ಟು ದಪ್ಪ ಫೈಲು, ಸಿಟಿ ಫಿಲ್ಮು, ಪೆಟ್ ಸ್ಕ್ಯಾನ್ ಸಿಡಿ, ಎರಡು ವರ್ಷದ ಹಿಂದಿನ ಶುಗರ್ ರಿಪೋರ್ಟು, ಎಲ್ಲಾ ತಂದಿರ್ತಾರೆ. ಬ್ಲಾಕ್ ಎಲ್ಲಿ ಅಂದ್ರೆ ಮುಖಮುಖ ನೋಡ್ತಾರೆ. "ಬಯಾಪ್ಸಿ ರಿಪೋರ್ಟ್ ಇದ್ಯಲ್ಲ ಮೇಡಂ, ಮತ್ತಿನ್ನೇನು?"

ರಿಪೋರ್ಟ್ ಬೇರೆ, ಸ್ಲೈಡ್ ಬೇರೆ, ಬ್ಲಾಕ್ ಬೇರೆ. ನಿಮ್ಮ ಮನೆಯವರ ಗಡ್ಡೆಯಿಂದ ತೆಗೆದ ತುಂಡನ್ನ ಕೆಡದ ಹಾಗಿಡೋ ಫಾರ್ಮಲಿನ್ ದ್ರಾವಣದಲ್ಲಿಟ್ಟು, ಅದರ ನೀರಂಶ ಎಲ್ಲಾ ತೆಗೆದು, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಕೂರಿಸ್ತೀವಿ. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಕ್ಯಾಸೆಟ್, ಮೇಲೆ ಒಂದು ನಂಬರ್, ಬಿಳಿ ಮೇಣದ ಮಧ್ಯೆ ಕಂದು ಬಣ್ಣದ ಚೂರು. ಇದು ಬ್ಲಾಕ್. ಇದರಿಂದ ಮೂರು ನಾಲ್ಕು ಮೈಕ್ರಾನ್ ತೆಳ್ಳಗೆ ಹೆರೆದು, ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕಿದ್ರೆ ಸ್ಲೈಡ್. ಆ ಸ್ಲೈಡ್ ನೋಡಿ ಒಬ್ಬ ಡಾಕ್ಟರ್ ಬರೆದ ಹಾಳೆ ರಿಪೋರ್ಟ್. ರಿಪೋರ್ಟ್ ಅಂದ್ರೆ ಪಹಣಿ ಇದ್ದಂಗೆ, ಬ್ಲಾಕ್ ಅಂದ್ರೆ ಹೊಲ. ಪಹಣಿ ಹಿಡ್ಕೊಂಡು ಬಂದು ಇದರಲ್ಲೇ ಬೋರ್ ಕೊರೀರಿ ಅಂದ್ರೆ ಎಲ್ಲಿ ಕೊರೀಲಿ ನಾನು?

ಮುಂಚೆ ಇದು ಅಷ್ಟು ಮುಖ್ಯ ಆಗ್ತಿರಲಿಲ್ಲ. 1973ರಲ್ಲಿ ಬೆಂಗಳೂರಿನ ಹೊಸೂರು ರಸ್ತೇಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದ ಕಾಲಕ್ಕೆ ಕ್ಯಾನ್ಸರ್ ಹೌದೋ ಅಲ್ವೋ, ಯಾವ ಥರದ್ದು ಅಂತ ಬರೆದ್ರೆ ಪೆಥಾಲಜಿಸ್ಟ್ ಕೆಲಸ ಹೆಚ್ಚುಕಮ್ಮಿ ಮುಗೀತಿತ್ತು. ಈಗ ಎಷ್ಟೋ ಔಷಧಿ ಕೊಡ್ಬೇಕಾ ಬೇಡ್ವಾ ಅಂತ ತೀರ್ಮಾನ ಆಗೋದೇ ಆ ತುಂಡಿನ ಮೇಲೆ. ಸ್ತನ ಕ್ಯಾನ್ಸರ್‌ನೇ ತಗೊಳ್ಳಿ. ನೂರರಲ್ಲಿ ಸುಮಾರು 15ರಿಂದ 20 ಜನರಲ್ಲಿ ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇರುತ್ತೆ, ಅವರಿಗೆ ಟ್ರಾಸ್ಟುಜುಮ್ಯಾಬ್. ಅಮೆರಿಕದಲ್ಲಿ 1998ರಲ್ಲಿ ಬಂದ ಔಷಧಿ, ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಕಡಿಮೆ ಬೆಲೇಲಿ ಅದರಂಥದ್ದೇ ಔಷಧಿ (ಬಯೋಸಿಮಿಲರ್) ತಂದ್ಮೇಲೆ ಇನ್ನೊಂದಷ್ಟು ಜನರ ಕೈಗೆ ಸಿಗೋ ಹಾಗಾಯ್ತು. ಈ ಪ್ರೋಟೀನ್ ಎಷ್ಟಿದೆ ಅನ್ನೋದನ್ನ ಟೆಸ್ಟ್‌ನಲ್ಲಿ ನಾವು 0, 1+, 2+, 3+ ಅಂತ ಬರೀತೀವಿ. 3+ ಅಂದ್ರೆ ಪಾಸಿಟಿವ್, 2+ ಬಂದ್ರೆ ಹರ್-2 ಜೀನ್ ಜಾಸ್ತಿ ಇದ್ಯಾ ಅಂತ ತೋರಿಸೋ ಫಿಶ್ ಟೆಸ್ಟ್ ಮಾಡಿ ನೋಡ್ಬೇಕು, 0 ಮತ್ತು 1+ ಎರಡನ್ನೂ ನೆಗೆಟಿವ್ ಅಂತ ಒಂದೇ ಗುಂಪಿಗೆ ಹಾಕ್ತಿದ್ವಿ. 2022ರಲ್ಲಿ ಅದೇ ಬದಲಾಗಿದ್ದು. ಬೇರೆ ಕಡೆ ಹರಡಿರೋ ಸ್ತನ ಕ್ಯಾನ್ಸರ್‌ನಲ್ಲಿ, 1+ ಇರೋರಿಗೂ, ಫಿಶ್ ನೆಗೆಟಿವ್ ಆದ 2+ ಇರೋರಿಗೂ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಅನ್ನೋ ಔಷಧಿ ಉಪಯೋಗ ಆಗುತ್ತೆ ಅಂತ ದೊಡ್ಡ ಟ್ರಯಲ್‌ನಲ್ಲಿ ಗೊತ್ತಾಯ್ತು. ಅಂದ್ರೆ ಐದು ವರ್ಷದ ಹಿಂದೆ ಬರೀ "ನೆಗೆಟಿವ್" ಅಂತ ಬರೆದಿದ್ದ ರಿಪೋರ್ಟ್‌ನಿಂದ ಈಗ ನಮಗೆ ಏನೂ ಗೊತ್ತಾಗಲ್ಲ, ಆವತ್ತಿನ ಬ್ಲಾಕ್ ಸಿಕ್ರೆ ಮತ್ತೆ ಹೆರೆದು ನೋಡಬಹುದು. ಎಲ್ಲರಿಗೂ ಈ ಔಷಧಿ ಆಗುತ್ತೆ ಅಂತ ಹೇಳ್ತಿಲ್ಲ, ಬೆಲೆ ಇದೆ, ಸೈಡ್ ಎಫೆಕ್ಟ್ ಇದೆ, ಅದನ್ನ ನಿಮ್ಮ ಆಂಕಾಲಜಿಸ್ಟೇ ನಿರ್ಧಾರ ಮಾಡ್ಬೇಕು.

ಹಾವೇರಿ ಕಡೆಯ ಒಬ್ಬರು ತಂದೇನ ಕರ್ಕೊಂಡು ಬಂದಿದ್ರು. ಶ್ವಾಸಕೋಶದ ಕ್ಯಾನ್ಸರ್, ಬೀಡಿ ಸಿಗರೇಟು ಮುಟ್ಟಿದವರಲ್ಲ. ಎಲ್ಲಾ ರಿಪೋರ್ಟ್‌ಗೂ ಲ್ಯಾಮಿನೇಷನ್ ಮಾಡಿಸಿದ್ರು, ಮೂಲೆ ಒಂಚೂರೂ ಮಡಚಿರಲಿಲ್ಲ. "ಒಂದೂ ಬಿಟ್ಟಿಲ್ರೀ ಮೇಡಂ, ಎಲ್ಲಾ ತಂದೀನ್ರಿ" ಅಂದ್ರು. ನಾನು ಡ್ರಾದಿಂದ ಒಂದು ಖಾಲಿ ಕ್ಯಾಸೆಟ್ ತೆಗೆದು ತೋರಿಸಿ ಇಂಥದ್ದು ಕೊಟ್ಟಿದ್ರಾ ಅಂದೆ. "ಹೌದ್ರೀ, ಮೇಣದ ತುಂಡು, ಅದು ಯಾಕ ಬೇಕ್ರಿ ಅಂತ ಮನ್ಯಾಗ ಬಿಟ್ಟೇನ್ರಿ!" ಅಲ್ಲೇ ಮನೆಗೆ ಫೋನ್ ಮಾಡಿದ್ರು, ಆ ಕಡೆ ಹುಡುಕೋ ಸದ್ದು ನನಗೂ ಕೇಳಿಸ್ತಿತ್ತು, ಹೊಲಿಗೆ ಮಷಿನ್ ಡ್ರಾದಲ್ಲಿ ಸಿಕ್ತು. ತಮ್ಮ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ತಂದುಕೊಟ್ಟ. ಅದರಲ್ಲಿ ಇಜಿಎಫ್ಆರ್ ಅನ್ನೋ ಜೀನ್‌ನ ಬದಲಾವಣೆ, ಅಂದ್ರೆ ಮ್ಯುಟೇಷನ್, ಪಾಸಿಟಿವ್ ಬಂತು, ಅದಕ್ಕಿರೋ ಮಾತ್ರೆ ಶುರುವಾಯ್ತು. ಈ ಮಾತ್ರೆ ಹರಡಿರೋ ರೋಗನ ಬುಡಸಮೇತ ಕಿತ್ತು ಹಾಕಲ್ಲ, ಒಂದಷ್ಟು ಕಾಲ ಹಿಡಿದಿಡುತ್ತೆ ಅಂತ ಅವರಿಗೂ ಬಿಡಿಸಿ ಹೇಳಿದ್ವಿ. ಆದ್ರೂ ಆ ಯಜಮಾನ್ರು ಮುಂದಿನ ಸಲ ಆಕ್ಸಿಜನ್ ಇಲ್ಲದೆ ನಡ್ಕೊಂಡು ಬಂದ್ರು, ನನಗೆ ಅದೇ ಎಷ್ಟೋ ಸಮಾಧಾನ.

ಬ್ಲಾಕ್ ಸಿಗದೇ ಹೋಗಿದ್ರೆ ಮತ್ತೆ ಎದೆಗೆ ಸೂಜಿ ಹಾಕ್ಬೇಕಿತ್ತು. ಸೂಜಿ ಹಾಕಿದ್ರೆ ಕ್ಯಾನ್ಸರ್ ಹರಡುತ್ತೆ ಅಂತ ಊರೆಲ್ಲಾ ಹೇಳ್ತಾರೆ, ಆ ಭಯ ಬೇಡ. ಆದ್ರೆ ಎದೆ ಬಯಾಪ್ಸಿಲಿ ಗಾಳಿ ಸೋರಿ ಶ್ವಾಸಕೋಶ ಕುಗ್ಗೋ ರಿಸ್ಕ್ ಇರೋದು ನಿಜ, ವಯಸ್ಸಾದವರಿಗೆ ಎರಡನೇ ಸಲ ಯಾಕೆ ಆ ಕಷ್ಟ? ರಕ್ತದಲ್ಲೇ ಮ್ಯುಟೇಷನ್ ನೋಡೋ ಟೆಸ್ಟ್ ಇದೆಯಲ್ಲ ಅಂತೀರಾ, ಇದೆ, ಅದರಲ್ಲಿ ಪಾಸಿಟಿವ್ ಬಂದ್ರೆ ಒಳ್ಳೇದು, ನೆಗೆಟಿವ್ ಬಂದ್ರೆ ಇಲ್ಲವೇ ಇಲ್ಲ ಅಂತ ಹೇಳಕ್ಕಾಗಲ್ಲ, ತಿರುಗಿ ತುಂಡಿಗೇ ಬರಬೇಕು.

ಇನ್ನೊಂದು ಗೋಳು. ಊರಲ್ಲಿ ಗಡ್ಡೆ ತೆಗೆಸ್ಕೊಂಡು ಅದನ್ನ ಸಲೈನ್‌ನಲ್ಲೋ ಬರೀ ನೀರಲ್ಲೋ ಹಾಕಿ ಅಟೆಂಡರ್ ಕೈಗೆ ಕೊಟ್ಟು ಕಳಿಸ್ತಾರೆ, ಬಸ್ಸಲ್ಲಿ ಇಡೀ ದಿನ ಕೂತು ಬರೋ ಹೊತ್ತಿಗೆ ಅದು ಕೊಳೆತಿರುತ್ತೆ. ಮುಚ್ಚಳ ತೆಗೆದಾಗ ಬರೋ ವಾಸನೇಲೇ ಗೊತ್ತಾಗುತ್ತೆ, ಇದರಲ್ಲಿ ಹರ್-2 ನೋಡಿ ಪ್ರಯೋಜನ ಇಲ್ಲ ಅಂತ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಬೇಕು, ತೆಗೆದ ಒಂದು ಗಂಟೆಯೊಳಗೆ ಹಾಕ್ಬೇಕು, ಅದರಲ್ಲಿ ಕಡಿಮೆ ಅಂದ್ರೆ ಆರು ಗಂಟೆ, ಜಾಸ್ತಿ ಅಂದ್ರೆ 72 ಗಂಟೆ ಇರಬೇಕು. ಆಪರೇಷನ್‌ಗೆ ಮುಂಚೇನೇ ಸರ್ಜನ್‌ನ ಕೇಳಿ: ಸಾರ್, ತುಂಡು ಎಲ್ಲಿಗೆ ಕಳಿಸ್ತೀರಾ, ಯಾವುದರಲ್ಲಿ ಹಾಕ್ತೀರಾ? ಕೇಳಿದ್ರೆ ಬೇಜಾರು ಮಾಡ್ಕೊಳ್ಳೋರು ಕಡಿಮೆ.

ಆಮೇಲೆ ಲ್ಯಾಬ್‌ಗೆ ಹೋಗಿ ಬ್ಲಾಕ್ ಮತ್ತು ಸ್ಲೈಡ್ ಬೇಕು ಅಂತ ಒಂದು ಅರ್ಜಿ ಬರೆದುಕೊಡಿ, ಸಹಿ ಹಾಕಿಸ್ಕೊಂಡು ಕೊಡ್ತಾರೆ. ಬ್ಲಾಕ್ ಮೇಲಿನ ನಂಬರೂ ರಿಪೋರ್ಟ್‌ನಲ್ಲಿರೋ ನಂಬರೂ ಒಂದೇನಾ ಅಂತ ಅಲ್ಲೇ ನೋಡ್ಕೊಳ್ಳಿ. ಫ್ರಿಜ್ ಬೇಡ, ಆದ್ರೆ ಮೇಣ ಅಲ್ವಾ, ಬೇಸಿಗೇಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ನಮ್ಮಲ್ಲಿ ಟೆಸ್ಟ್ ಮುಗಿದ್ಮೇಲೆ ಉಳಿದದ್ದನ್ನ ವಾಪಸ್ ಕೇಳಿ ತಗೊಳ್ಳಿ, ಮರೆತು ಹೋಗ್ಬೇಡಿ.