ಊರಿನ ಹೆಸರು ಬದಲಾದರೂ ಪ್ರಬಂಧ ಸಿಗಬೇಕು

ಚಿಂತಾಮಣಿಯಿಂದ 2006ರಲ್ಲಿ ಹೊರಟ ಸಂಶೋಧನಾ ಪ್ರಬಂಧದ ವಿಳಾಸ ಕೋಲಾರ ಜಿಲ್ಲೆ; 2008ರಲ್ಲಿ ಹೊರಟದ್ದಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆ. ಊರು ಕದಲಿಲ್ಲ, ನಡುವೆ 2007ರಲ್ಲಿ ಜಿಲ್ಲೆ ಒಡೆಯಿತು. ಕೋಲಾರದ ಕಾಲೇಜುಗಳು 2017ರ ನಂತರ ಬೆಂಗಳೂರು ವಿಶ್ವವಿದ್ಯಾಲಯ ಬಿಟ್ಟು ಬೆಂಗಳೂರು ಉತ್ತರಕ್ಕೆ ಸೇರಿದವು. ನಮಗೆ ಎಂದೆಂದೂ ತುಮಕೂರೇ ಆಗಿದ್ದ ಊರು 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ‘ತುಮಕೂರು’ ಆಯಿತು. ಹಳೆಯ ‘ತುಮ್ಕೂರ್’ ಮತ್ತು ಈ ಹೊಸ ಹೆಸರು ಒಂದೇ ಊರೆಂದು ಕಂಪ್ಯೂಟರ್‌ಗೆ ತಾನಾಗಿ ತಿಳಿಯದು.

ಜನರ ಹೆಸರಿನ ಪಾಡು ಇನ್ನೂ ಕಷ್ಟ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಇಲ್ಲ. ಊರಿನದೋ ತಂದೆಯದೋ ಇನಿಷಿಯಲ್. ಒಂದು ಸಂಶೋಧನಾ ಪತ್ರಿಕೆ ಅದನ್ನು ಹಿಂದೆ ಹಾಕುತ್ತದೆ, ಇನ್ನೊಂದು ಮುಂದೆ. ಒಬ್ಬರೇ ಮಂಜುನಾಥ ದಾಖಲೆಯಲ್ಲಿ ಮೂವರಾಗುತ್ತಾರೆ, ಮೂವರು ಮಂಜುನಾಥರು ಒಬ್ಬರಾಗುತ್ತಾರೆ.

ಜಮೀನಿನ ವಿಷಯದಲ್ಲಿ ನಮ್ಮ ಹಿರಿಯರಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಒಡೆಯ ಬದಲಾಗಲಿ, ಜಿಲ್ಲೆ ಬದಲಾಗಲಿ, ಪಹಣಿಯ ಸರ್ವೆ ನಂಬರ್ ಹಿಡಿದರೆ ಹೊಲ ಸಿಗುತ್ತದೆ. ಸಂಶೋಧನೆಗೆ ಅಂಥದ್ದೇ ಶಾಶ್ವತ ಗುರುತು ಬೇಕೆಂಬ ಯೋಚನೆ ಬಲವಾದದ್ದು 1990ರ ದಶಕದಲ್ಲಿ, ವೆಬ್ ಕೊಂಡಿಗಳು ಒಂದೊಂದಾಗಿ ಮುರಿಯತೊಡಗಿದಾಗ. ಪ್ರಕಾಶಕರು 2000ದಲ್ಲಿ ಕ್ರಾಸ್‌ರೆಫ್ ಎಂಬ ಸಂಸ್ಥೆ ಕಟ್ಟಿ ಪ್ರಬಂಧಗಳಿಗೆ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ಕೊಡತೊಡಗಿದರು. ದತ್ತಾಂಶಕ್ಕೂ ಡಿಒಐ ಕೊಡುವ ಡೇಟಾಸೈಟ್ ಸಂಸ್ಥೆ 2009ರಲ್ಲಿ ಬಂತು. ಸಂಶೋಧಕರಿಗೆ ಆರ್ಕಿಡ್ ಎಂಬ 16 ಅಂಕಿಗಳ ಗುರುತು 2012ರಲ್ಲಿ, ಸಂಸ್ಥೆಗಳಿಗೆ ಆರ್‌ಒಆರ್ ಎಂಬ ಗುರುತು 2019ರಲ್ಲಿ ಬಂದವು. ಹಳೆಯ ಹೆಸರನ್ನೂ ಹೊಸದನ್ನೂ ಒಂದೇ ಗುರುತಿನಡಿ ಇಡಬಲ್ಲ ಈ ಆರ್‌ಒಆರ್ ನಮ್ಮಂಥ ಜಿಲ್ಲೆಗಳಿಗೇ ಹೆಚ್ಚು ಬೇಕಾದದ್ದು ಎಂದು ನನಗನಿಸುತ್ತದೆ.

ಇದು ನಮಗೆ ತೀರಾ ಹೊಸದೂ ಅಲ್ಲ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಇಡುವ ಶೋಧಗಂಗಾದಲ್ಲಿರುವ ಪ್ರತಿ ಪಿಎಚ್‌.ಡಿ. ಪ್ರಬಂಧಕ್ಕೂ 10603ರಿಂದ ಶುರುವಾಗುವ ಹ್ಯಾಂಡಲ್ ಎಂಬ ಶಾಶ್ವತ ಗುರುತುಸಂಖ್ಯೆ ಇದೆ. ಅದನ್ನು ಬಿಟ್ಟು ಬ್ರೌಸರ್‌ನ ಉದ್ದನೆಯ ವಿಳಾಸವನ್ನೇ ಉಲ್ಲೇಖಗಳಲ್ಲಿ ಅಂಟಿಸುವ ಅಭ್ಯಾಸ ಮಾತ್ರ ಹೋಗಿಲ್ಲ.

ಆದರೆ ಸಂಖ್ಯೆಗೆ ತಾನಾಗಿ ಆಯುಷ್ಯವಿಲ್ಲ. ಡಿಒಐ ಎಂಬುದು ಹೆಸರು, ವಿಳಾಸವಲ್ಲ. ಕಡತ ಹೊಸ ಸರ್ವರ್‌ಗೆ ಹೋದಾಗ ಸಂಸ್ಥೆಯವರು ನೋಂದಣಿಯಲ್ಲಿ ಹೊಸ ಜಾಗ ಬರೆಸಬೇಕು. ಖಾತೆ ಬದಲಾವಣೆ ಮಾಡಿಸದ ಜಮೀನಿನ ಗತಿ ಏನೆಂದು ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಕಾಲೇಜುಗಳಲ್ಲಿ ಈ ಕೆಲಸ ಯಾರದು? ಆರ್ಕಿಡ್ ಮಾಡಿಸಲು ಸಂಶೋಧಕರಿಗೆ ಖರ್ಚಿಲ್ಲ, ಐದು ನಿಮಿಷ ಸಾಕು. ಉಳಿದದ್ದಕ್ಕೆ ಗ್ರಂಥಪಾಲಕರಿಗೆ ಅಧಿಕಾರ ಮತ್ತು ಸಮಯ ಎರಡೂ ಬೇಕು. ಕಾಲೇಜಿನ ವೆಬ್‌ಸೈಟ್ ಬದಲಾಗುವ ಮುನ್ನವೇ ಹಳೆಯ ಕೊಂಡಿಗಳ ಪಟ್ಟಿ ಅವರ ಕೈ ಸೇರಬೇಕು.