ಪೊದೆ ಸವರಲು ಎಂಥ ಕತ್ತಿ ಕೊಳ್ಳಬೇಕು?

ಪ್ರಶ್ನೆ: ತೋಟದ ಅಂಚಿನ ಲಂಟಾನ ಸವರಲು, ಕಾಡುದಾರಿ ಬಿಡಿಸಿಕೊಳ್ಳಲು ಮಚ್ಚು ಬೇಕಾಗಿದೆ. ಭಾರವಾದದ್ದೇ ಒಳ್ಳೆಯದಲ್ಲವೇ?

ಅಲ್ಲ. ಮಳೆ ಮುಗಿದು ಬೇಲಿ ಸವರುವ ಕಾಲ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಅದೇ ಉತ್ತರ ಬರೆಯುತ್ತೇನೆ, ಜನ ಮತ್ತೆ ಭಾರದ ಮಚ್ಚನ್ನೇ ಹೊತ್ತು ತರುತ್ತಾರೆ.

‘ಭಾರವಿದ್ದರೆ ಒಂದೇ ಏಟಿಗೆ ತುಂಡು’ ಎಂಬ ಮಾತು ಕೊಡಲಿಗೆ ಸರಿ. ಕೊರಡು ಬಿದ್ದಲ್ಲೇ ಬಿದ್ದಿದ್ದು ಏಟು ತಿನ್ನುತ್ತದೆ. ಬೆರಳುಗಾತ್ರದ ಹಸಿ ಲಂಟಾನ ಹಾಗಲ್ಲ. ಏಟು ತಾಗುತ್ತಲೇ ಬಾಗಿ ಜಾರಿಕೊಳ್ಳುತ್ತದೆ. ಅದು ಬಾಗುವ ಮೊದಲೇ ಅಲಗು ದಾಟಿ ಹೋಗಬೇಕು. ಹೈಸ್ಕೂಲಿನಲ್ಲಿ ಕಲಿತದ್ದೇ: ತೂಕ ಇಮ್ಮಡಿಯಾದರೆ ಏಟಿನ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ನಾಲ್ಮಡಿ. ಆ ವೇಗ ಭಾರದ ಮಚ್ಚಿಗೆ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ, ಗುರಿ ತಪ್ಪುತ್ತದೆ, ಏಟು ಮೊಣಕಾಲಿನ ಕೆಳಗೆ ಬೀಳುತ್ತದೆ. ದಪ್ಪ ಅಲಗಂತೂ ಕಡಿದ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಕಾಡು ಸವರುವವರ ಮಚೆಟೆಯ ಅಲಗು ಸುಮಾರು 2 ಮಿ.ಮೀ. ದಪ್ಪ, ಹೆಚ್ಚಾಗಿ 18 ಇಂಚು ಉದ್ದ. ಅಮೆರಿಕದ ಸೇನೆಯ 1942ರ ಮಾದರಿಯೂ 18 ಇಂಚಿನದೇ. ದಪ್ಪ ಉಕ್ಕು ಸಿಗದೆ ಹಾಗೆ ಮಾಡಿದರೆಂದು ತಿಳಿಯಬೇಡಿ.

ಮಲೆನಾಡಿನ ಕತ್ತಿ ಗಿಡ್ಡ, ಬೆನ್ನು ದಪ್ಪ, ಅದೇನು ಎನ್ನುತ್ತೀರಿ. ಅದು ಗಟ್ಟಿ ಕೊಂಬೆಗೆ, ಸೌದೆಗೆ. ಬಾಗಿದ ಆ ಮೂತಿಯಿಂದ ಮುಳ್ಳುಬಳ್ಳಿಯನ್ನು ಕೈ ತಾಗಿಸದೆ ಎಳೆದುಕೊಳ್ಳಬಹುದು. ಎರಡೂ ಕೆಲಸವಿದ್ದರೆ ಎರಡು ಕತ್ತಿ ಕೊಳ್ಳಿ.

ಕಾರ್ಬನ್ ಉಕ್ಕಿನದನ್ನೇ ಆರಿಸಿ. ತುಕ್ಕಿಗೆ ಎಣ್ಣೆ ಇದೆ. ಅರ ಆಡಿಸಿದರೆ ಅಲಗಿಗೆ ಕಚ್ಚಬೇಕು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಅತಿಯಾಗಿದೆ, ಕಲ್ಲಿಗೆ ತಾಗಿದಾಗ ಚೂರು ಹಾರುತ್ತದೆ. ಹಿಡಿಯ ತುದಿ ಅಗಲವಾಗಿರಲಿ, ಬೆವರಿದ ಕೈಯಿಂದ ಜಾರದು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಡುದಾರಿ ಎಂದಿರಲ್ಲ, ಅದು ಯಾರ ಕಾಡು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 31ರಂತೆ ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮೊದಲೇ ಲಿಖಿತ ಅನುಮತಿ ಬೇಕು. ಆಯುಧವೆಂದರೆ ಬಂದೂಕು ಮಾತ್ರವಲ್ಲ. ಕಾಯ್ದೆಯ ಪಟ್ಟಿಯಲ್ಲಿ ಚಾಕುವೂ ಇದೆ. ಚಾರಣದ ಚೀಲದಲ್ಲಿ ಮಚ್ಚು ಸಿಕ್ಕಾಗ ‘ದಾರಿಗೆ ಅಡ್ಡವಾದ ಬಳ್ಳಿ ಕಡಿಯಲು’ ಎಂದು ಗಾರ್ಡಿಗೆ ಸಮಜಾಯಿಷಿ ಕೊಡಲು ಹೋಗಬೇಡಿ. ಬಳ್ಳಿ ಕಡಿಯುವುದೂ ಅಲ್ಲಿ ಅಪರಾಧವೇ; ಒಂದು ಕೇಸು ಎರಡಾದೀತು.