ಇಲಾಖೆಯೊಳಗೆ ನೌಕರರು, ನೌಕರರೊಳಗೆ ಇಲಾಖೆ

ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ. ಒಮ್ಮೆ ಕಟ್ಟಿದ ಡೇಟಾವನ್ನು ಬದಲಿಸದೆ ಪ್ರೋಗ್ರಾಮ್ ಬರೆಯುವ ಫಂಕ್ಷನಲ್ ಪ್ರೋಗ್ರಾಮಿಂಗ್‌ಗೆ ಹೊಸದಾಗಿ ಬಂದವರಿಗೆ ಈ ಗಾದೆ ಬೇಗ ಅರ್ಥವಾಗುತ್ತದೆ. ಇಲಾಖೆಯ ರೆಕಾರ್ಡಿನಲ್ಲಿ ಅದರ ಮುಖ್ಯಸ್ಥೆ ಇರಬೇಕು, ಮುಖ್ಯಸ್ಥೆಯ ರೆಕಾರ್ಡಿನಲ್ಲಿ ಆಕೆಯ ಇಲಾಖೆ ಇರಬೇಕು. ಜಾವಾದಲ್ಲಾದರೆ ಎರಡನ್ನೂ ಖಾಲಿಯಾಗಿ ಕಟ್ಟಿ, ಆಮೇಲೆ ಒಂದರೊಳಗೆ ಇನ್ನೊಂದನ್ನು ತುಂಬಿದರಾಯಿತು. ಕಟ್ಟಿದ್ದನ್ನು ಮತ್ತೆ ಮುಟ್ಟುವಂತಿಲ್ಲ ಅನ್ನುವಲ್ಲಿ ಈ ‘ಆಮೇಲೆ’ಯೇ ಇಲ್ಲ.

ಇದು ಭಾಷೆಯ ಕೊರತೆ ಎಂದು ನಾನೂ ಗೊಣಗಿದ್ದೇನೆ. ಆದರೆ ಇದರಿಂದ ಲಾಭವೂ ಇದೆ. ಎರ್ಲಾಂಗ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಒಂದು ಮೌಲ್ಯ ತನಗಿಂತ ಮೊದಲು ಹುಟ್ಟಿದ್ದನ್ನು ಮಾತ್ರ ತೋರಿಸಬಲ್ಲದು, ಹಾಗಾಗಿ ಹೊರಟಲ್ಲಿಗೇ ಮರಳಿ ಬರುವ ಸುತ್ತು ಹುಟ್ಟುವುದೇ ಇಲ್ಲ. ಲೀನ್ 4, ಕೋಕಾ ಭಾಷೆಗಳು ಮೆಮೊರಿ ನಿಭಾಯಿಸಲು ರೆಫರೆನ್ಸ್ ಕೌಂಟಿಂಗ್ ಬಳಸುತ್ತವೆ: ಒಂದು ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂದು ಎಣಿಸಿ, ಎಣಿಕೆ ಸೊನ್ನೆಯಾದಾಗ ಅದರ ಜಾಗ ಬಿಡಿಸುತ್ತವೆ. ಒಂದನ್ನೊಂದು ಹಿಡಿದುಕೊಂಡ ಎರಡು ವಸ್ತುಗಳ ಎಣಿಕೆ ಎಂದೂ ಸೊನ್ನೆಗೆ ಇಳಿಯದಿರುವುದು ಆ ವಿಧಾನದ ಹಳೇ ಕಾಯಿಲೆ. ಬದಲಾಗದ ಡೇಟಾಕ್ಕೆ ಅದು ತಗಲುವುದಿಲ್ಲ.

ಹ್ಯಾಸ್ಕೆಲ್ ಮಾತ್ರ ಇಲ್ಲೂ ದಾರಿ ಬಿಟ್ಟಿದೆ. ಅದು ಸೋಮಾರಿ ಭಾಷೆ, ಯಾರಾದರೂ ಕೇಳುವ ತನಕ ಲೆಕ್ಕ ಮಾಡುವುದಿಲ್ಲ. ಆದ್ದರಿಂದ ಮೌಲ್ಯಗಳಿಗೆ ಹೆಸರಿಡುವ ಒಂದೇ ‘ಲೆಟ್’ನಲ್ಲಿ ಇಲಾಖೆಯನ್ನೂ ಮುಖ್ಯಸ್ಥೆಯನ್ನೂ ಪರಸ್ಪರ ಹೆಸರಿಸಿ ಬರೆದರೆ ನಡೆಯುತ್ತದೆ. ಇದಕ್ಕೆ ಗಂಟು ಹಾಕುವುದು ಎನ್ನುತ್ತಾರೆ. ಮೊದಲ ಸಲ ಇದು ಓಡಿದಾಗ ನಾನು ಹಿಗ್ಗಿಹೋಗಿದ್ದೆ.

ಹಿಗ್ಗು ಇಳಿದದ್ದು ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಮ್ ತನ್ನ ಕೆಲಸವನ್ನು ಬರೆದಿಡುವ ಫೈಲಿನಲ್ಲಿ. ಒಂದು ತಪ್ಪು ಹುಡುಕಲೆಂದು ಇಲಾಖೆಯ ರೆಕಾರ್ಡನ್ನು ಪ್ರಿಂಟ್ ಮಾಡಲು ಒಂದೇ ಸಾಲು ಸೇರಿಸಿದೆ. ಇಲಾಖೆ ತನ್ನ ಮುಖ್ಯಸ್ಥೆಯನ್ನು ಬರೆಯಿತು, ಮುಖ್ಯಸ್ಥೆ ತನ್ನ ಇಲಾಖೆಯನ್ನು, ಅದು ಮತ್ತೆ ಮುಖ್ಯಸ್ಥೆಯನ್ನು. ಬೆಳಗಾಗುವಷ್ಟರಲ್ಲಿ ಡಿಸ್ಕ್ ತುಂಬಿತ್ತು. ಎರಡು ಇಲಾಖೆ ಒಂದೇನಾ ಎಂದು ಹೋಲಿಸಿದರೂ ಇದೇ ಪಾಡು: ಬೇರೆಯಾಗಿದ್ದರೆ ಉತ್ತರ ಸಿಗುತ್ತದೆ, ಒಂದೇ ಆಗಿದ್ದರೆ ಹೋಲಿಕೆ ಮುಗಿಯುವುದೇ ಇಲ್ಲ.

ಇದಕ್ಕಿಂತ ದೊಡ್ಡ ತಲೆನೋವು ತಿದ್ದುಪಡಿ. ಮುಖ್ಯಸ್ಥೆಯ ಫೋನ್ ನಂಬರ್ ಬದಲಾಯಿತು ಅನ್ನಿ. ಆಕೆಯ ಹೊಸ ರೆಕಾರ್ಡ್ ಕಟ್ಟಬೇಕು. ಇಲಾಖೆ ಇನ್ನೂ ಹಳೆಯ ರೆಕಾರ್ಡನ್ನೇ ತೋರಿಸುತ್ತಿದೆ, ಅದನ್ನೂ ಹೊಸದಾಗಿ ಕಟ್ಟಬೇಕು. ಆ ಇಲಾಖೆಯ ಉಳಿದ ನೌಕರರೆಲ್ಲ ಹಳೆಯ ಇಲಾಖೆಯನ್ನು ತೋರಿಸುತ್ತಿದ್ದಾರೆ, ಅವರನ್ನೂ. ಒಂದು ನಂಬರಿಗಾಗಿ ಇಡೀ ಬಲೆಯನ್ನೇ ಮರುನೇಯ್ಗೆ ಮಾಡಬೇಕು. ಒಂದು ಎಳೆ ಮರೆತಿರೋ, ಒಬ್ಬಳೇ ಮುಖ್ಯಸ್ಥೆಯ ಎರಡು ಅವತಾರ ಪ್ರೋಗ್ರಾಮಿನಲ್ಲಿ ಓಡಾಡುತ್ತಿರುತ್ತವೆ, ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಈಗ ನಾನು ಇಲಾಖೆಯೊಳಗೆ ಮನುಷ್ಯರನ್ನು ಇಡುವುದಿಲ್ಲ, 42 ಅನ್ನುವ ನೌಕರ ಸಂಖ್ಯೆ ಇಡುತ್ತೇನೆ. ನೌಕರರ ರೆಕಾರ್ಡಿನಲ್ಲಿ 7 ಅನ್ನುವ ಇಲಾಖೆ ಸಂಖ್ಯೆ. ಪಕ್ಕದಲ್ಲಿ ಎರಡು ಮ್ಯಾಪ್, ಸಂಖ್ಯೆ ಕೊಟ್ಟರೆ ರೆಕಾರ್ಡ್ ಸಿಗುತ್ತದೆ. ತಿದ್ದುಪಡಿ ಒಂದೇ ಕಡೆ. ಹತ್ತು ಲಕ್ಷ ನೌಕರರಿದ್ದರೂ ಮ್ಯಾಪ್‌ನ ಒಳಗಿನ ಕವಲೊಡೆಯುವ ರಚನೆಯಾದ ಸಮತೋಲಿತ ಮರದಲ್ಲಿ 20ರ ಆಸುಪಾಸಿನ ಕವಲುಗಳನ್ನಷ್ಟೇ ಹೊಸದಾಗಿ ಕಟ್ಟಬೇಕು, ಉಳಿದದ್ದೆಲ್ಲ ಹಳೆಯದೇ. ಇದು ಪುಕ್ಕಟೆಯಲ್ಲ. 42 ಮ್ಯಾಪ್‌ನಲ್ಲಿ ಇಲ್ಲದೆಯೂ ಇರಬಹುದು, ಹಾಗಾಗಿ ಪ್ರತಿ ಹುಡುಕಾಟವೂ ‘ಸಿಗಬಹುದು, ಸಿಗದಿರಬಹುದು’ ಎಂದೇ ಉತ್ತರಿಸುತ್ತದೆ. ಡೇಟಾ ಒಳಬರುವಾಗಲೇ ಒಂದು ಫಂಕ್ಷನ್‌ನಲ್ಲಿ ಎಲ್ಲ ಸಂಖ್ಯೆಗಳನ್ನೂ ತಾಳೆ ನೋಡಿ, ಮ್ಯಾಪ್‌ಗಳನ್ನು ಹೊರಗಿನವರು ನೇರ ಕಟ್ಟದಂತೆ ಮುಚ್ಚಿಡುತ್ತೇನೆ. ಗಂಟನ್ನು ಪೂರ್ತಿ ಬಿಟ್ಟಿಲ್ಲ. ಒಮ್ಮೆ ಕಟ್ಟಿ, ಓದಿ, ಎಸೆಯುವ ಡೇಟಾಕ್ಕೆ ಈಗಲೂ ಹಾಕುತ್ತೇನೆ.

ಪ್ರೋಗ್ರಾಮನ್ನು ಫೈಲುಗಳಾಗಿ ಹಂಚಿದ ಭಾಗಗಳಾದ ಮಾಡ್ಯೂಲ್‌ಗಳದ್ದೂ ಇದೇ ಕಥೆ. ಎಲ್ಮ್, ಒಕ್ಯಾಮಲ್ ಭಾಷೆಗಳು ಫೈಲುಗಳ ನಡುವಿನ ಸುತ್ತನ್ನು ಒಪ್ಪುವುದೇ ಇಲ್ಲ. ಎಫ್ ಶಾರ್ಪ್‌ನಲ್ಲಿ ಮೇಲಿನ ಫೈಲಿಗೆ ಕೆಳಗಿನದು ಕಾಣುವುದಿಲ್ಲ. ಮೊದಲು ಶಪಿಸಿದೆ, ಈಗ ಹೊಸ ಪ್ರಾಜೆಕ್ಟ್ ಕೈಗೆ ಬಂದರೆ ಫೈಲುಗಳ ಪಟ್ಟಿಯನ್ನೇ ಮೇಲಿನಿಂದ ಓದುತ್ತಾ ಬರುತ್ತೇನೆ. ಸುತ್ತು ಬಿಡಿಸಲು ಸಾಮಾನ್ಯವಾಗಿ ಎರಡಕ್ಕೂ ಬೇಕಾದ ಟೈಪ್‌ಗಳನ್ನು ಮೂರನೇ ಫೈಲಿಗೆ ಎತ್ತಿದರೆ ಸಾಕು. ಅದಾಗದಿದ್ದರೆ ಫಂಕ್ಷನ್ನನ್ನೇ ಆರ್ಗ್ಯುಮೆಂಟ್ ಆಗಿ ಕೊಡಿ: ಬಿಲ್ಲಿಂಗ್ ಮಾಡ್ಯೂಲ್ ಮೇಲ್ ಮಾಡ್ಯೂಲನ್ನು ಕರೆಯದೆ, ‘ಸಂದೇಶ ಕಳಿಸುವ ಫಂಕ್ಷನ್ ಒಂದು ಕೊಡಿ’ ಎಂದು ಕೇಳಲಿ, ಪ್ರೋಗ್ರಾಮ್ ಶುರುವಾಗುವ ‘ಮೇನ್’ ಇಬ್ಬರನ್ನೂ ಜೋಡಿಸಲಿ. ಒಂದೇ ಫೈಲಿನೊಳಗೆ ಎರಡು ಫಂಕ್ಷನ್‌ಗಳು ಒಂದನ್ನೊಂದು ಕರೆದರೆ ದೋಷವೇನಿಲ್ಲ.

ಕೆಲವೊಮ್ಮೆ ಸುತ್ತು ಬಳಕೆದಾರರ ಕಡೆಯಿಂದಲೇ ಬರುತ್ತದೆ. ಸ್ಪ್ರೆಡ್‌ಶೀಟಿನ ಎ1ಕ್ಕೆ ಬಿ1 ಬೇಕು, ಬಿ1ಕ್ಕೆ ಸಿ1, ಸಿ1ಕ್ಕೆ ಮತ್ತೆ ಎ1. ಇಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ಟಾರ್ಜನ್ 1972ರಲ್ಲಿ ಪ್ರಕಟಿಸಿದ ಅಲ್ಗಾರಿದಮ್ ಕೈಹಿಡಿಯುತ್ತದೆ. ಒಂದರಿಂದ ಒಂದಕ್ಕೆ ಹೋಗಿ ಮರಳಿ ಬರಬಹುದಾದ ಕೋಶಗಳನ್ನು ಒಂದೊಂದು ಗುಂಪಾಗಿ ಅದು ಬೇರ್ಪಡಿಸಿ ಕೊಡುತ್ತದೆ. ಆದರೆ ಅದು ಹೇಳುವುದು ಗುಂಪನ್ನು ಮಾತ್ರ, ದಾರಿಯನ್ನಲ್ಲ. ‘ಸುತ್ತು ಇದೆ’ ಅನ್ನುವ ಎರರ್ ಸಂದೇಶದಿಂದ ಯಾರಿಗೂ ಉಪಯೋಗವಿಲ್ಲ. ಗುಂಪಿನೊಳಗೆ ಇನ್ನೊಂದು ಸಣ್ಣ ಹುಡುಕಾಟ ನಡೆಸಿ, ಎ1ರಿಂದ ಬಿ1, ಬಿ1ರಿಂದ ಸಿ1, ಅಲ್ಲಿಂದ ಮರಳಿ ಎ1 ಎಂದು ಹೆಸರು ಹಿಡಿದು ತೋರಿಸಬೇಕು.